ಟೇಪಿಗೆ ವಿಭೂತಿ ಬೇಡ ಅಂದವರು

ಹೋದ ವಾರ ಜಯಲಕ್ಷ್ಮಿಪುರಂನಲ್ಲಿ ಅವರ ಶಿವಗಣಾರಾಧನೆ ನಡೆಯಿತು. ಊಟಕ್ಕೆ ಮುಂಚೆ ಒಬ್ಬರಾದ ಮೇಲೊಬ್ಬರು ಎದ್ದು ನಿಂತು, ತೀರಿಕೊಂಡವರು ಬಹಳ ಶಾಂತ ಸ್ವಭಾವದವರು, ಯಾರ ಮನಸ್ಸನ್ನೂ ನೋಯಿಸಿದವರಲ್ಲ ಎಂದು ಹೇಳಿ ಕೂತರು. ನಾನು ಕುರ್ಚಿಯಲ್ಲಿ ಮಿಸುಕಾಡಿದೆ. ನನ್ನ ಸರದಿ ಬಂದಾಗ, ಮನೆಯವರ ಮುಖ ನೋಡಿ, ಇನ್ನೂ ದೊಡ್ಡ ಸುಳ್ಳೊಂದನ್ನು ಹೇಳಿ ಕೂತೆ. ನಿಜ ಏನೆಂದರೆ, ಅವರ ಜೊತೆ ಕೆಲಸ ಮಾಡಿದ ಅಷ್ಟೂ ವರ್ಷ ನನ್ನ ತಲೆಯನ್ನು ಅವರು ದಿನಕ್ಕೊಂದು ಸಲ ಕಾಯಿಸಿ ಇಳಿಸುತ್ತಿದ್ದರು. ಸತ್ತವರ ಬಗ್ಗೆ ಆರಾಧನೆಯಲ್ಲಿ ಇದನ್ನೆಲ್ಲ ಹೇಳುವ ಹಾಗಿಲ್ಲ. ಬರೆಯಲು ಅಡ್ಡಿಯಿಲ್ಲವಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ಬನ್ನಿಮಂಟಪದ ಹತ್ತಿರ ಧರ್ಮಾರ್ಥ ಟ್ರಸ್ಟೊಂದು ವಧೂವರರ ಮಾಹಿತಿ ಕೇಂದ್ರ ನಡೆಸುತ್ತಿತ್ತು. ನಾನು ಅದರ ಕಚೇರಿ ಮೇಲ್ವಿಚಾರಕ. ಹೆಣ್ಣು ಗಂಡುಗಳ ವಿವರ, ಜಾತಕ, ಫೋಟೋ ಎಲ್ಲವನ್ನೂ ಕಂಪ್ಯೂಟರಿಗೆ ತುಂಬಿಸಬೇಕೆಂದು ನಮ್ಮ ಅಧ್ಯಕ್ಷರಿಗೆ ಆಸೆ ಹುಟ್ಟಿತು. ಅವರು ಬಟ್ಟೆಯ ಸಗಟು ವ್ಯಾಪಾರಿ. ಒಮ್ಮೆ ಆಸೆ ಹುಟ್ಟಿದರೆ ಥಾನು ಬಿಚ್ಚಿದ ಹಾಗೆ, ಮಡಿಚಿಡಲು ಬರುವುದಿಲ್ಲ. ಹಾಗೆ ಬಂದವರು ಈ ಮನುಷ್ಯ. ಸಣಕಲು, ಅರ್ಧ ಬಕ್ಕತಲೆ, ಕರಿಯ ಮೊಪೆಡ್ಡು. ಡೇಟಾಬೇಸ್ ಎನ್ನುವ ಆ ದೊಡ್ಡ ಉಗ್ರಾಣವನ್ನು ನೋಡಿಕೊಳ್ಳುವ ಕೆಲಸ ಅವರದು. ಅದರ ಒಂದು ಪ್ರತಿಯನ್ನು ಪ್ರತಿ ಶನಿವಾರ ಟೇಪಿನ ಮೇಲೆ ಇಳಿಸಿ ಅಂಗಿಯ ಜೇಬಿನಲ್ಲಿಟ್ಟು ಮನೆಗೆ ಒಯ್ಯುತ್ತಿದ್ದರು. ಜೇಬು ಟೇಪಿನ ಆಕಾರಕ್ಕೇ ಜೋತುಬಿದ್ದಿತ್ತು. ನಾನು ಅವರಿಗೆ ‘ಟೇಪಪ್ಪ’ ಎಂದು ಹೆಸರಿಟ್ಟೆ. ವಾರದೊಳಗೆ ಇಡೀ ಟ್ರಸ್ಟಿನಲ್ಲಿ ಅವರ ನಿಜವಾದ ಹೆಸರು ಮರೆತುಹೋಯಿತು. ನಾನಿಟ್ಟ ಹೆಸರು ಹಾಗೇ, ಒಗೆದರೂ ಹೋಗುವುದಿಲ್ಲ.

ಅವರ ಬಾಯಲ್ಲಿ ಯಾವಾಗಲೂ ಒಂದೇ ಪ್ರಶ್ನೆ: “ಅದು ಹೋದ್ರೆ?” ಪೆನ್ನು ಎರಡು, ಕೊಡೆ ಎರಡು, ಮೊಪೆಡ್ಡಿನ ಕೀ ಎರಡು. ತಲೆಯಲ್ಲಿ ಅರ್ಧವೇ ಕೂದಲಿದ್ದರೂ ಬಾಚಣಿಗೆ ಎರಡು. ಹೋಟೆಲಿನಲ್ಲಿ ದೋಸೆ ಬರುವ ಮೊದಲೇ, “ಚಟ್ನಿ ಸಾಲ್ದೇ ಹೋದ್ರೆ?” ಎಂದು ಮಾಣಿಯನ್ನು ನಿಲ್ಲಿಸಿಕೊಳ್ಳುತ್ತಿದ್ದರು. ತಮ್ಮ ಮದುವೆಯ ದಿನ ತಾಳಿ ಕಟ್ಟುವಾಗಲೂ ಜೇಬಿನಲ್ಲಿ ಇನ್ನೊಂದು ಅರಿಶಿನದ ದಾರ ಇಟ್ಟುಕೊಂಡಿದ್ದರು ಎಂಬ ಕತೆಯಿದೆ. ಅದನ್ನು ಹುಟ್ಟಿಸಿದ್ದು ನಾನೇ. ನಿಜವಾಗಿದ್ದರೂ ನನಗೇನೂ ಆಶ್ಚರ್ಯವಿಲ್ಲ.

ಈಗ ನನ್ನ ವಿಷಯವನ್ನೂ ಸ್ವಲ್ಪ ಹೇಳಿಬಿಡಬೇಕು. ಮೈಸೂರಿನಲ್ಲಿ ನನ್ನ ಕೈಯಲ್ಲಿ ಏಮಾರದ ಮನುಷ್ಯನನ್ನು ಹುಡುಕಿ ತರುವುದು ಕಷ್ಟ. ವಕೀಲರು, ವೈದ್ಯರು, ಒಬ್ಬ ಪೊಲೀಸ್ ಇನ್ಸ್‌ಪೆಕ್ಟರ್, ಸ್ವಂತ ಬೀಗರು, ಯಾರನ್ನೂ ಬಿಟ್ಟವನಲ್ಲ. ಹೊಸದಾಗಿ ಬಂದ ಟೇಪಪ್ಪನನ್ನು ಬಿಡುತ್ತೇನೆಯೇ? ಒಂದು ದಿನ ಅವರು ಊಟಕ್ಕೆ ಹೋದಾಗ ಸರ್ವರಿನ ಹಿಂದಿನ ಕೇಬಲ್ಲು ಕಿತ್ತು ನನ್ನ ಡ್ರಾಯರಿನಲ್ಲಿಟ್ಟೆ. ವಾಪಸು ಬಂದವರು ಪರದೆ ನೋಡಿದರು, ಗಡಿಯಾರ ನೋಡಿದರು. ಗಾಬರಿಯ ಸುಳಿವೇ ಇಲ್ಲ. ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರು ಹಚ್ಚಿ, ಟೇಪಿನಿಂದ ಎಲ್ಲವನ್ನೂ ಅದರ ಮೇಲೆ ಇಳಿಸಿ, ಸಂಜೆಗೆ ನನ್ನ ಮೇಜಿನ ಮುಂದೆ ಬಂದು ನಿಂತರು.

“ಕೇಬಲ್ ಕೊಡಿ.”

“ಯಾವ ಕೇಬಲ್ಲು ಸ್ವಾಮಿ?”

“ನಿಮ್ಮ ಡ್ರಾಯರಲ್ಲಿರೋದು. ಒಳ್ಳೇ ಕೆಲ್ಸ ಮಾಡಿದ್ರಿ ಕಣ್ರೀ. ಹಳೇ ಮಿಷಿನ್ನು ಇಷ್ಟು ನಿಧಾನ ಅಂತ ಗೊತ್ತಿರ್ಲಿಲ್ಲ. ಮುಂದಿನ ತಿಂಗ್ಳೂ ಏನಾರ ಮಾಡಿ. ಯಾವತ್ತು ಅಂತ ಮಾತ್ರ ಹೇಳ್ಬೇಡಿ.”

ಕೀಟಲೆ ಮಾಡಿದವನಿಗೆ ಇದಕ್ಕಿಂತ ಅವಮಾನ ಬೇರೆ ಉಂಟೇ? ಬೈದರೆ ಸಂತೋಷ, ಅತ್ತರೆ ಇನ್ನೂ ಸಂತೋಷ. ಥ್ಯಾಂಕ್ಸ್ ಹೇಳಿದರೆ ಏನು ಮಾಡುವುದು? ಫ್ಯೂಸು ಕಿತ್ತೆ. ಟೇಪುಗಳನ್ನು ಅದಲು ಬದಲು ಮಾಡಿದೆ. ಸರ್ವರ್ ಕೋಣೆಯಲ್ಲಿ ಹೊಗೆ ಎಂದು ದನಿ ಬದಲಿಸಿ ಫೋನು ಮಾಡಿದೆ. ಪ್ರತಿ ಸಲವೂ ಅವರು ಗಡಿಯಾರ ನೋಡಿಕೊಂಡು ಕೆಲಸ ಶುರು ಮಾಡಿ, ಸಂಜೆ ಬಂದು ಕೃತಜ್ಞತೆ ಸಲ್ಲಿಸಿ ಹೋಗುತ್ತಿದ್ದರು. ಕೊನೆಗೆ ನಾನೇ ಬೇಸತ್ತು ನಿಲ್ಲಿಸಿದೆ. ನಿಲ್ಲಿಸಿದ್ದಕ್ಕೆ, “ಯಾಕ್ರೀ, ಹುಷಾರಿಲ್ವಾ?” ಎಂದು ವಿಚಾರಿಸಿದರು.

ಕಂಪ್ಯೂಟರಿನ ಹೊಟ್ಟೆ ಮಾತ್ರ ತಿಂಗಳು ತಿಂಗಳಿಗೂ ಊದುತ್ತಿತ್ತು. ಫೋಟೋ ಸೇರಿಸಬಹುದು ಎಂದು ತಿಳಿದದ್ದೇ ತಡ, ಒಂದೊಂದು ಹೆಣ್ಣಿನ ಮನೆಯವರೂ ಆಲ್ಬಮ್ಮೇ ಹೊತ್ತು ತಂದರು. ಸೀರೆಯಲ್ಲೊಂದು, ಚೂಡಿದಾರದಲ್ಲೊಂದು, ವೀಣೆ ಮುಂದೆ ಕೂತದ್ದೊಂದು. ವೀಣೆ ಸ್ಟುಡಿಯೋದವನದು, ನಮ್ಮ ಅರ್ಧ ವಧುಗಳು ಅದೇ ವೀಣೆಯ ಮುಂದೆ ಕೂತಿದ್ದರು. ಇದರ ಮೇಲೆ, ಯಾರು ಯಾವಾಗ ಏನು ಬದಲಾಯಿಸಿದರು ಎಂದು ಡೇಟಾಬೇಸು ತನ್ನಷ್ಟಕ್ಕೆ ತಾನೇ ದಿನಚರಿ ಬೇರೆ ಬರೆದುಕೊಳ್ಳುತ್ತದಂತೆ. ಡಿಸ್ಕು ತುಂಬಿ ತುಳುಕುತ್ತಿದೆ, ಹೊಸದು ತರಿಸಿ ಎಂದು ಟೇಪಪ್ಪ ಅಧ್ಯಕ್ಷರ ಬಾಗಿಲು ತಟ್ಟಿ ತಟ್ಟಿ ಸೋತರು. ಹೊಸದು ಬರುವುದಿಲ್ಲ ಎಂದಾದ ಮೇಲೆ, ಮದುವೆಯಾದವರ ವಿವರವನ್ನಾದರೂ ತೆಗೆದು ಟೇಪಿಗೆ ಸಾಗಿಸೋಣವೆಂದು ಮನೆಮನೆಗೆ ಫೋನು ಮಾಡತೊಡಗಿದರು. ನಾನು ಪಕ್ಕದ ಮೇಜಿನಲ್ಲಿ ಇನ್ನೊಂದು ರಿಸೀವರು ಎತ್ತಿ ಕೇಳಿಸಿಕೊಳ್ಳುತ್ತಿದ್ದೆ. ಅಂಥ ಮನರಂಜನೆ ಪುರಭವನದಲ್ಲೂ ಸಿಕ್ಕುತ್ತಿರಲಿಲ್ಲ.

“ನಮಸ್ಕಾರ, ನಿಮ್ಮ ಮಗಳಿಗೆ ಮದ್ವೆ ಆಯ್ತಾ?”

“ಯಾರ್ರೀ ನೀವು, ಬೆಳ್‌ಬೆಳಿಗ್ಗೆ?”

“ಕೇಂದ್ರದಿಂದ. ಆಗಿದ್ರೆ ಹೆಸ್ರು ತೆಗೆದ್ಬುಡ್ತೀನಿ. ಜಾಗ ಇಲ್ಲ.”

“ಆಗಿದೆ ಕಣ್ರೀ. ಆದ್ರೂ ಇರ್ಲಿ ಬುಡಿ, ತೆಗೀಬೇಡಿ. ಅಳಿಯ ಅಷ್ಟು ಸರಿ ಇಲ್ಲ.”

ಇಷ್ಟು ಉಗಿಸಿಕೊಂಡು ಒಂದು ರಾಶಿ ಹೆಸರುಗಳನ್ನು ಬೇರೆ ಮಾಡಿ ಇಟ್ಟರೆ, ಅಧ್ಯಕ್ಷರು ಹಾರಿಬಿದ್ದರು. “ಏನ್ರೀ, ಸಂಖ್ಯೆ ಕಮ್ಮಿ ಆಗೋಗುತ್ತಲ್ರೀ! ವೇದಿಕೆ ಮೇಲೆ ನಾನೇನು ಹೇಳ್ಲಿ? ವಾಪಸ್ ಹಾಕ್ರೀ!” ಮದುವೆಯಾದವರು, ಮಕ್ಕಳಾದವರು ಎಲ್ಲ ಮತ್ತೆ ಕನ್ಯೆಯರಾಗಿ ಡಿಸ್ಕಿಗೆ ಮರಳಿದರು. ಅದೇ ಉತ್ಸಾಹದಲ್ಲಿ ಅಧ್ಯಕ್ಷರು, ಕಂಪ್ಯೂಟರ್ ಇರುವಾಗ ಕಾಗದ ಯಾಕೆಂದು ಹಳೆಯ ಅರ್ಜಿಗಳನ್ನೆಲ್ಲ ರದ್ದಿಗೆ ಹಾಕಿಸಿದರು. ಆ ದಿನ ಟೇಪಪ್ಪ ಊಟ ಮಾಡಲಿಲ್ಲ. ನಾನು ಅವರ ಡಬ್ಬಿಯನ್ನು ಖಾಲಿ ಮಾಡಿದೆ, ಅದೂ ಅವರಿಗೆ ತಿಳಿಯಲಿಲ್ಲ.

ಅವರು ಇಷ್ಟು ವರ್ಷವೂ ಹಂಗಾಮಿ ನೌಕರರೇ. ಮನೆಯಲ್ಲಿ ಓದುತ್ತಿದ್ದ ಇಬ್ಬರು ಹೆಣ್ಣುಮಕ್ಕಳು. ಆ ವರ್ಷ ದಸರಾ ಮುಗಿದ ಭಾನುವಾರ ವಧೂವರರ ದೊಡ್ಡ ಸಮಾವೇಶ ಇಟ್ಟಿದ್ದರು. ಅದು ಸುಸೂತ್ರವಾಗಿ ನಡೆದರೆ ನಿಮ್ಮನ್ನು ಕಾಯಂ ಮಾಡುತ್ತೇನೆಂದು ಅಧ್ಯಕ್ಷರು ಮಾತು ಕೊಟ್ಟರು. ಆದೇಶವನ್ನು ಟೈಪು ಮಾಡಿದವನು ನಾನೇ. ಸಹಿ ಒಂದು ಬಾಕಿ. ಟೇಪಪ್ಪ ಅದನ್ನು ಓದಿ, ಕಣ್ಣು ಒದ್ದೆ ಮಾಡಿಕೊಂಡು, “ಇದರ ಇನ್ನೊಂದು ಕಾಪಿ?” ಎಂದರು. ಕಾರ್ಬನ್ ಪ್ರತಿಯನ್ನು ಅವರ ಮುಖದ ಮುಂದೆ ಹಿಡಿದೆ.

ಆಮೇಲೆ ಬಂತು ಆಯುಧಪೂಜೆ.

ಮೈಸೂರಿನಲ್ಲಿ ಸೈಕಲ್ ಪಂಪಿಗೂ ಆ ದಿನ ಕುಂಕುಮ ತಪ್ಪುವುದಿಲ್ಲ, ಸರ್ವರಿಗೆ ತಪ್ಪೀತೇ? ಅಧ್ಯಕ್ಷರು ಎರಡು ಅಪ್ಪಣೆ ಹೊರಡಿಸಿದರು. ಟೇಪುಗಳೆಲ್ಲ, ಮನೆಯಲ್ಲಿರುವುದೂ ಸೇರಿ, ಪೂಜೆಗೆ ಬರಬೇಕು. ಪೂಜೆಯಾದ ಮೇಲೆ ಯಂತ್ರಗಳನ್ನೆಲ್ಲ ಆರಿಸಬೇಕು, ವಿಜಯದಶಮಿ ಮುಗಿಯುವವರೆಗೆ ಮುಟ್ಟಬಾರದು, ಆಯುಧಗಳಿಗೆ ವಿಶ್ರಾಂತಿ.

ಟೇಪಪ್ಪ ಮೊದಲ ಸಲ ದನಿ ಎತ್ತಿದ್ದು ಆಗಲೇ. “ಸಾರ್, ಈ ಡಿಸ್ಕಿಗೆ ವಯಸ್ಸಾಗಿದೆ, ಎಷ್ಟೋ ತಿಂಗ್ಳಿಂದ ನಿಂತೇ ಇಲ್ಲ. ತಿರುಗ್ತಾ ಇದ್ರೆ ಇನ್ನೂ ಎಷ್ಟೋ ದಿನ ತಿರುಗುತ್ತೆ. ನಿಲ್ಸಿದ್ರೆ ಮತ್ತೆ ಏಳಲ್ಲ. ಟೇಪಿಗೆ ಪುಡಿ ಗಿಡಿ ಆಗಲ್ಲ ಸಾರ್.”

“ಪುಡಿ ಗಿಡಿ ಅಂತೀರಲ್ರೀ ವಿಭೂತೀನ! ನಿಮ್ಮ ಹಣೇಲಿರೋದೇನು?”

“ಹಣೆ ತಿರುಗಲ್ಲ ಸಾರ್.”

ನಾನು ಕೆಮ್ಮಿದಂತೆ ಮಾಡಿ ನಗು ಮುಚ್ಚಿಕೊಂಡೆ. ಅಧ್ಯಕ್ಷರು ನಗಲಿಲ್ಲ. ಕೊನೆಗೆ ಅಪ್ಪಣೆಯೇ ಗೆದ್ದಿತು. ಪೂಜೆಯ ದಿನ ನಮ್ಮ ಕಚೇರಿ ಗುಡಿಸಿ ಒರೆಸುವ ಪುಟ್ಟತಾಯಮ್ಮ ಭಕ್ತಿಯಿಂದ ಕಪಾಟಿನ ಎರಡು ಟೇಪುಗಳನ್ನು ಡಬ್ಬಿಯಿಂದ ತೆಗೆದು, ಒಂದೊಂದಕ್ಕೂ ಮೂರು ಬೆರಳಿನ ವಿಭೂತಿ ಬಳಿದರು. ಟೇಪು ತೂರಿಸುವ ಡ್ರೈವಿನ ಬಾಯಿಗೂ ಬಳಿದು, ಅಕ್ಷತೆ ಎರಚಿ, ಸಾಂಬ್ರಾಣಿ ಹಾಕಿದರು. ಟೇಪಪ್ಪ ಮನೆಯ ಟೇಪು ತಂದಿದ್ದರು. ಆದರೆ ಅದನ್ನು ಡಬ್ಬಿಯಿಂದ ಹೊರಗೆ ತೆಗೆಯಲು ಬಿಡಲಿಲ್ಲ.

“ಬುಚ್ಚಿ ಸ್ವಾಮಿ, ಅದಕ್ಕೂ ಒಸಿ ಇಕ್ತೀನಿ.”

“ಮೇಲೇ ಇಡಮ್ಮ.”

“ಅದೇನ್ ಪಾಪ ಮಾಡೈತೆ? ಅದಕ್ಕೊಂದ್ಕೆ ಬ್ಯಾಡ್ವಾ?”

“ಅದಕ್ಕೆ ಚಳಿ ಆಗುತ್ತೆ ಕಣಮ್ಮ. ಮೇಲೇ ಇಡು.”

ಪುಟ್ಟತಾಯಮ್ಮ ಮುಖ ಸಿಂಡರಿಸಿಕೊಂಡು ಡಬ್ಬಿಯ ಮೇಲೆ ಒಂದು ಹೂವಿಟ್ಟರು. ಟೇಪಪ್ಪ ಅದನ್ನು ಹೂವಿನ ಸಮೇತ ಮನೆಗೆ ಒಯ್ದರು. ಹೋಗುವ ಮುಂಚೆ ಸರ್ವರನ್ನು ತಾವೇ ಆರಿಸಿದರು. ಒಳಗಿನ ಫ್ಯಾನು ತಿರುಗುವುದು ನಿಲ್ಲುವ ತನಕ ಅದರ ತಗಡಿನ ಮೇಲೆ ಕೈಯಿಟ್ಟುಕೊಂಡಿದ್ದರು.

ಜಂಬೂಸವಾರಿ, ಪಂಜಿನ ಕವಾಯತು ಎಲ್ಲ ಮುಗಿದು ಶುಕ್ರವಾರ ಬೆಳಿಗ್ಗೆ ಕಚೇರಿ ತೆರೆದೆವು. ಟೇಪಪ್ಪ ಸ್ವಿಚ್ಚು ಹಾಕಿದರು. ಸರ್ವರು ಟಕ್ ಟಕ್ ಎಂದು ಎರಡು ಸಲ ಕುಟ್ಟಿ ಸುಮ್ಮನಾಯಿತು. ಅವರು ಗಡಿಯಾರ ನೋಡಿಕೊಂಡು ನನ್ನ ಬಳಿಗೆ ಬಂದು ಕೈ ಚಾಚಿದರು.

“ಕೊಡಿ.”

“ಏನ್ ಕೊಡ್ಲಿ?”

“ಏನ್ ಕಿತ್ತಿದ್ದೀರೋ ಅದು. ಸದ್ದು ಕೂಡ ಚೆನ್ನಾಗಿ ಮಾಡ್ಸಿದ್ದೀರಿ.”

“ನಾನಲ್ಲ ಮಾರಾಯ್ರೇ! ಚಾಮುಂಡಿ ಆಣೆ!”

“ಹೋದ್ಸಲಾನೂ ಚಾಮುಂಡಿ ಆಣೇನೇ ಇಟ್ಟಿದ್ರಿ,” ಎಂದು ನಗುತ್ತಾ ಕಾಫಿಗೆ ಹೊರಟರು. ಇಡೀ ಜೀವಮಾನದಲ್ಲಿ ನಾನು ನಿಜ ಹೇಳಿದ್ದು ಅಪರೂಪ. ಹೇಳಿದ ದಿನ ಹೀಗೆ. ತೋಳು ಹಿಡಿದು ಎಳೆದುಕೊಂಡು ಬಂದು ಸರ್ವರಿನ ಹಿಂದೆ ಬಗ್ಗಿಸಿ ತೋರಿಸಿದೆ. ಕೇಬಲ್ಲುಗಳೆಲ್ಲ ಇದ್ದಲ್ಲೇ ಇದ್ದವು. ಅವರ ಮುಖದಿಂದ ನಗು ಇಳಿಯಿತು.

ಡಿಸ್ಕು ಸತ್ತಿತ್ತು. ಹಳೆಯ ಕಂಪ್ಯೂಟರಿಗೆ ಡ್ರೈವು ಜೋಡಿಸಿ, ಕಪಾಟಿನ ಟೇಪೊಂದನ್ನು ಚೆನ್ನಾಗಿ ಒರೆಸಿ ತೂರಿಸಿದರು. ಕರಕರ ಎಂದು ಹಲ್ಲು ಕಡಿದ ಸದ್ದಾಯಿತು. ಹೊರಗೆ ಬಂದದ್ದು ಶಾವಿಗೆಯ ಹಾಗೆ ಜಗ್ಗಿದ ಟೇಪು. ಇನ್ನೊಂದರ ಗತಿಯೂ ಅದೇ. ಉಳಿದದ್ದು ಮನೆಯ ಟೇಪು ಒಂದೇ. ಇಡೀ ಊರಿನ ಮದುವೆಗಳು ಅದರೊಳಗಿದ್ದವು. ಅಷ್ಟು ಹೊತ್ತಿಗೆ ಸುದ್ದಿ ಮುಟ್ಟಿ ಅಧ್ಯಕ್ಷರು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು.

“ಇನ್ನೊಂದು ಇದೆಯಲ್ಲ, ಹಾಕ್ರೀ!”

“ಹಾಕಲ್ಲ ಸಾರ್.”

“ಯಾಕ್ರೀ?”

“ಈ ಡ್ರೈವು ಎರಡು ತಿಂದಿದೆ. ಇದನ್ನೂ ತಿಂದ್ರೆ?”

“ತಿನ್ದೇ ಇದ್ರೆ? ನಾಡಿದ್ದು ಸಮಾವೇಶ ಕಣ್ರೀ! ಊರೂರಿಂದ ಜನ ಬಸ್ ಹತ್ತಾಗಿದೆ!”

“ಬೇರೆ ಡ್ರೈವು ಹುಡುಕ್ಬೇಕು. ಮೊದ್ಲು ಇದರ ಕಾಪಿ ಆಗ್ಬೇಕು. ಆಮೇಲೆ ಬಾಕಿದು.”

“ನಾನ್ ಹೇಳ್ತಿದ್ದೀನಿ, ಹಾಕ್ರೀ!”

ಟೇಪಪ್ಪ ಟೇಪನ್ನು ಜೇಬಿಗೆ ಇಳಿಸಿ ಗುಂಡಿ ಹಾಕಿಕೊಂಡರು. ಅಧ್ಯಕ್ಷರ ಮುಖ ಕೆಂಪಾಯಿತು. “ಬಾಗ್ಲು ದಾಟಿದ್ರೆ ಆ ಆರ್ಡರ್‌ಗೆ ನಾನು ಸೈನ್ ಹಾಕಲ್ಲ, ತಿಳ್ಕೊಳ್ಳಿ!” ನಾನು ಅವರ ಅಂಗಿ ಜಗ್ಗಿ, “ಒಂದ್ಸಲ ಹಾಕ್ಬುಡ್ರೀ, ಆದದ್ದಾಗ್ಲಿ. ಮಕ್ಕಳ ಮುಖ ನೋಡ್ರೀ,” ಎಂದು ಕಿವಿಯಲ್ಲಿ ಬೇಡಿಕೊಂಡೆ. ಅವರು ನನ್ನ ಕೈಯನ್ನು ಮೆತ್ತಗೆ ಬಿಡಿಸಿ ಮೆಟ್ಟಿಲಿಳಿದರು. ಮೊಪೆಡ್ಡು ಒಂದೇ ತುಳಿತಕ್ಕೆ ಹೊತ್ತಿಕೊಂಡಿತು, ಎಂದೂ ಹೊತ್ತಿಕೊಳ್ಳದ್ದು.

ಶನಿವಾರ ಇಡೀ ದಿನ ಸುಳಿವಿಲ್ಲ. ಮನೆಗೆ ಫೋನು ಮಾಡಿದರೆ, “ಗೋಕುಲಂ ಕಡೆ ಯಾವ್ದೋ ಕಾಲೇಜಿಗೆ ಹೋದ್ರು, ಊಟಕ್ಕೂ ಬಂದಿಲ್ಲ,” ಎಂದರು ಅವರ ಹೆಂಡತಿ. ಅಧ್ಯಕ್ಷರು ಅರ್ಧ ಗಂಟೆಗೊಂದು ಸಲ ನನ್ನನ್ನು ಬೈದರು, ಅವರನ್ನು ಬೈಯಲು ಅವರು ಇರಲಿಲ್ಲವಲ್ಲ. ಭಾನುವಾರ ಬೆಳಿಗ್ಗೆ ಪ್ರಾಣ ಕೈಯಲ್ಲಿ ಹಿಡಿದುಕೊಂಡು ಸಮಾವೇಶದ ಛತ್ರಕ್ಕೆ ಹೋದರೆ, ಟೇಪಪ್ಪ ಆಗಲೇ ಮೂಲೆಯಲ್ಲಿ ಹಳೆಯ ಕಂಪ್ಯೂಟರಿನ ಮುಂದೆ ಕೂತಿದ್ದಾರೆ! ಪಕ್ಕದಲ್ಲಿ ಎರವಲು ತಂದ ಡ್ರೈವು. ಪರದೆಯ ಮೇಲೆ ವೀಣೆ ಮುಂದೆ ಕೂತ ಹುಡುಗಿ. ನನಗೆ ಆ ಹುಡುಗಿಯ ಕಾಲಿಗೆ ಬೀಳೋಣ ಅನ್ನಿಸಿತು.

“ಯಾವಾಗ ಬಂತ್ರೀ ಇದು?”

“ಶುಕ್ರವಾರ ಸಂಜೆಗೇ ಓದ್ಕೊಳ್ತು.”

“ಶುಕ್ರವಾರ?” ನನ್ನ ಕಿರುಚಾಟಕ್ಕೆ ಅಡುಗೆಯವರು ಇಣುಕಿದರು. “ಒಂದು ಫೋನ್ ಮಾಡೋಕೇನ್ರೀ ಆಗಿತ್ತು ನಿಮ್ಗೆ? ಇಲ್ಲಿ ನಮ್ಮ ಜೀವ ಹೋಗ್ತಿತ್ತಲ್ರೀ!”

“ಕಾಪಿ ಮಾಡ್ದೆ. ಆಮೇಲೆ ಆ ಕಾಪಿಯಿಂದ ಇನ್ನೊಂದು ಕಡೆ ಇಳ್ಸಿ, ಎಲ್ಲ ಬಂದಿದ್ಯಾ ಅಂತ ಎಣಿಸ್ದೆ. ಗ್ಯಾರಂಟಿ ಆಗ್ದೆ ಏನ್ ಹೇಳೋದು?”

ಇಂಥವರನ್ನು ಹೊಡೆಯಬೇಕೋ ತಬ್ಬಿಕೊಳ್ಳಬೇಕೋ ನೀವೇ ಹೇಳಿ. ಎರಡನ್ನೂ ಮಾಡದೆ, ಕೊನೆಯ ಶನಿವಾರದ ಮೇಲೆ ಬಂದು ಟೇಪಿಗೆ ಸೇರದಿದ್ದ ಹೊಸ ಅರ್ಜಿಗಳನ್ನು ತಂದು ಅವರ ಪಕ್ಕ ಕೂತು ಟೈಪು ಮಾಡಿದೆ.

ಸಮಾವೇಶ ಜೋರಾಗಿಯೇ ನಡೆಯಿತು. ಮಧ್ಯಾಹ್ನ ಅಧ್ಯಕ್ಷರು ಮೈಕಿನ ಮುಂದೆ ನಿಂತು, ಕೆಟ್ಟ ಡ್ರೈವನ್ನು ಬೆಳಿಗ್ಗೆ ಬಿಚ್ಚಿದಾಗ ಟೇಪಪ್ಪನಿಗೆ ಸಿಕ್ಕಿದ ಒಂದು ಕಾಳು ಅಕ್ಷತೆಯನ್ನು ಎತ್ತಿ ಹಿಡಿದರು. ಟೇಪುಗಳನ್ನು ಜಗ್ಗಿ ಹಾಳು ಮಾಡಿದ್ದು ಅದೇ ಕಾಳು. ಅಧ್ಯಕ್ಷರು ಗದ್ಗದ ಕಂಠದಲ್ಲಿ ಹೇಳಿದರು: “ನೋಡಿ ಬಂಧುಗಳೇ! ಯಂತ್ರ ಕೈ ಕೊಟ್ಟರೂ ಒಳಗೆ ಕೂತು ಕಾಪಾಡಿದ್ದು ಈ ಅಕ್ಷತೆ! ಆಯುಧಪೂಜೆಯ ಮಹಿಮೆ!” ಛತ್ರವಿಡೀ ಚಪ್ಪಾಳೆ. ನಾನು ಎದ್ದು ಕೂಗಬೇಕೆಂದು ಬಾಯಿ ತೆರೆದೆ. ಟೇಪಪ್ಪ ಚಪ್ಪಾಳೆ ತಟ್ಟುತ್ತಿದ್ದರು! “ಜನ ಬಂದ್ರಲ್ಲ, ಬುಡಿ,” ಎಂದರು.

ಸೋಮವಾರ ಅಧ್ಯಕ್ಷರು ನನ್ನನ್ನು ಕರೆದರು. ಸಿಟ್ಟು ಇಳಿದಿತ್ತು. “ನನಗೂ ಮನುಷ್ಯತ್ವ ಇದೆ ಕಣ್ರೀ. ಅವತ್ತು ಎದುರು ಮಾತಾಡಿ ಹೋಗಿದ್ದಕ್ಕೆ ಒಂದು ‘ಸಾರಿ, ತಪ್ಪಾಯ್ತು’ ಅಂದ್ಬುಡ್ಲಿ, ಸೈನ್ ಹಾಕ್ತೀನಿ.” ನಾನು ಓಡಿಹೋಗಿ ಟೇಪಪ್ಪನಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

“ಸಾರಿ ಅಂದ್ರೆ, ಮುಂದಿನ ಸಲ ಹಾಕ್ತೀನಿ ಅಂದ ಹಾಗೆ ಆಗುತ್ತೆ. ಹಾಕಲ್ವಲ್ಲ.”

“ಅಯ್ಯೋ, ಬಾಯಲ್ಲಿ ಅನ್ನಿ ಸ್ವಾಮಿ! ಯಾರ್ ಪರೀಕ್ಷೆ ಮಾಡ್ತಾರೆ? ದಿನಾ ಇಂಥ ಹತ್ತು ಮಾತು ನಾನು ಹೇಳ್ತೀನಿ, ನನಗೇನಾದ್ರೂ ಆಗಿದ್ಯಾ?”

“ನಿಮಗೆ ಅಭ್ಯಾಸ ಇದೆ,” ಎಂದು, ಬೈಗುಳವಲ್ಲ ಎನ್ನುವ ಹಾಗೆ ಹೇಳಿ, ಮೇಜು ಖಾಲಿ ಮಾಡತೊಡಗಿದರು. ನಾನು ಗದರಿದೆ, ಮಕ್ಕಳ ಓದಿನ ಮಾತೆತ್ತಿದೆ, ಕೊನೆಗೆ ಕೈ ಮುಗಿದೆ. ಪೆನ್ನು ಎರಡು, ಬಾಚಣಿಗೆ ಎರಡು ಚೀಲಕ್ಕೆ ಹೋದವು. ಅವರು ಮೆಟ್ಟಿಲಿಳಿದು ಹೋದರು. ಆ ದಿನ ಆ ಮನುಷ್ಯನ ಮೇಲೆ ಬಂದಷ್ಟು ಸಿಟ್ಟು ನನಗೆ ಬೇರೆ ಯಾರ ಮೇಲೂ ಬಂದಿಲ್ಲ.

ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಮತ್ತೆ ಅವರದೇ ಹೆಜ್ಜೆ. ಬುದ್ಧಿ ಬಂತು ಎಂದುಕೊಂಡೆ. ಸಡಗರದಿಂದ ಡ್ರಾಯರು ಎಳೆದು ಆದೇಶದ ಹಾಳೆ ತೆಗೆದೆ, ಪೆನ್ನಿನ ಕ್ಯಾಪು ಬಿಚ್ಚಿದೆ. ಅವರು ಅತ್ತ ನೋಡಲೇ ಇಲ್ಲ. ಜೇಬಿನ ಗುಂಡಿ ಬಿಚ್ಚಿ, ಟೇಪು ತೆಗೆದು, ಆ ಹಾಳೆಯ ಮೇಲೇ ಇಟ್ಟರು.

“ಇದು ಎರಡನೇ ಕಾಪಿ. ಇಲ್ಲಿ ಬೇಡ, ನಿಮ್ಮ ಮನೇಲಿರ್ಲಿ,” ಎಂದರು. ಬಾಗಿಲ ತನಕ ಹೋಗಿ ತಿರುಗಿದರು. “ದೇವರ ಕೋಣೇಲಿ ಮಾತ್ರ ಇಡ್ಬೇಡಿ ಕಣ್ರೀ.”